ಒಂಬತ್ತು ಪ್ರಶ್ನೆಗಳ ಹಾಳೆ ಹಂಚುವ ಮುನ್ನ

ಓದುಗರ ಪ್ರಶ್ನೆ, ತಜ್ಞರ ಉತ್ತರ

ಶಾಲೆಗಳಲ್ಲಿ ಹದಿಹರೆಯದ ಮಕ್ಕಳ ಖಿನ್ನತೆ ತಪಾಸಣೆಯ ಬಗ್ಗೆ ಪ್ರಶ್ನೆ ಕಳಿಸಿ ಎಂದು ಕೇಳಿದ್ದೆವು. ಶಿಕ್ಷಕರು, ಪೋಷಕರು, ಒಬ್ಬ ವಿದ್ಯಾರ್ಥಿನಿ ಕೂಡ ಬರೆದಿದ್ದಾರೆ. ಮಕ್ಕಳ ಮನೋವೈದ್ಯರು ಮತ್ತು ಶಾಲಾ ಆಪ್ತಸಮಾಲೋಚಕರು ಸೇರಿ ಉತ್ತರಿಸಿದ್ದಾರೆ.

ಪ್ರಶ್ನೆ: ನಮ್ಮದು ಅನುದಾನಿತ ಪ್ರೌಢಶಾಲೆ. 9ನೇ ತರಗತಿಯಲ್ಲಿ 120 ಮಕ್ಕಳಿದ್ದಾರೆ. ಕಣ್ಣು, ಹಲ್ಲು, ರಕ್ತಹೀನತೆ ನೋಡುವ ಹಾಗೆ ಖಿನ್ನತೆಯನ್ನೂ ನೋಡಿಬಿಡೋಣ ಎನ್ನುತ್ತಿದೆ ಆಡಳಿತ ಮಂಡಳಿ. ಒಂದು ಪಿರಿಯಡ್‌ನಲ್ಲಿ ಮುಗಿಯುತ್ತದೆಯೇ?
ಮುಖ್ಯ ಶಿಕ್ಷಕಿ, ತಿಪಟೂರು

ಉತ್ತರ: ಹಾಳೆ ತುಂಬಿಸುವುದಕ್ಕೆ ಪೂರ್ತಿ ಪಿರಿಯಡ್ ಕೂಡ ಬೇಡ, 10 ನಿಮಿಷ ಸಾಕು. ಆದರೆ ತಪಾಸಣೆಯಲ್ಲಿ ಅದೇ ಅತಿ ಚಿಕ್ಕ ಭಾಗ. ಹಾಳೆಗಳು ಕೈಗೆ ಬಂದ ದಿನವೇ ಸಂಜೆಯೊಳಗೆ ಯಾರು ಯಾವ ಮಗುವಿನ ಜೊತೆ ಕೂತು ಮಾತಾಡುತ್ತಾರೆ? ಆಮೇಲೆ ಯಾವ ಆಸ್ಪತ್ರೆಯಲ್ಲಿ, ಯಾವ ವಾರ, ಯಾವ ವೈದ್ಯರು ನೋಡುತ್ತಾರೆ? ಇವೆರಡಕ್ಕೆ ಹೆಸರು ಹಿಡಿದು ಉತ್ತರ ಕೊಡಲು ಆಗುವವರೆಗೆ ಹಾಳೆ ಹಂಚಬೇಡಿ. ಕನ್ನಡಕ ಎಲ್ಲಿ ಸಿಗುತ್ತದೆಂದು ಗೊತ್ತಿಲ್ಲದೆ ಕಣ್ಣಿನ ತಪಾಸಣೆ ಮಾಡಿದರೆ ಆಗುವ ನಷ್ಟ ಸಣ್ಣದು. ಇಲ್ಲಿ ಮಾತ್ರ, ಧೈರ್ಯ ಮಾಡಿ ನಿಜ ಬರೆದ ಮಗುವಿಗೆ ‘ಹೇಳಿದರೂ ಯಾರೂ ಕೇಳಲಿಲ್ಲ’ ಎಂಬ ಅನುಭವ ಆಗುತ್ತದೆ. ಮತ್ತೊಮ್ಮೆ ಅದು ಬಾಯಿ ಬಿಡುವುದು ಕಷ್ಟ.

ಹೆಚ್ಚಾಗಿ ಬಳಸುವುದು ಪಿಎಚ್‌ಕ್ಯೂ-9 ಎಂಬ ಪ್ರಶ್ನಾವಳಿ. ಕನ್ನಡದಲ್ಲೂ ಇದೆ, ಬಳಸಲು ದುಡ್ಡು ಕೊಡಬೇಕಿಲ್ಲ. ಕಳೆದ ಎರಡು ವಾರಗಳಲ್ಲಿ ಆಸಕ್ತಿ ಕಡಿಮೆಯಾಗಿದೆಯೇ, ಮನಸ್ಸು ಕುಗ್ಗಿದೆಯೇ, ನಿದ್ದೆ, ಸುಸ್ತು, ಹಸಿವು ಹೇಗಿದೆ, ತನ್ನ ಬಗ್ಗೆ ತನಗೇ ಕೀಳೆನಿಸುತ್ತದೆಯೇ, ಗಮನ ನಿಲ್ಲುತ್ತದೆಯೇ, ಮಾತು-ಓಡಾಟ ನಿಧಾನವಾಗಿದೆಯೇ ಅಥವಾ ಚಡಪಡಿಕೆ ಹೆಚ್ಚಿದೆಯೇ, ಕೊನೆಗೆ, 9ನೇ ಪ್ರಶ್ನೆಯಲ್ಲಿ, ಸಾವಿನ ಅಥವಾ ತನಗೇ ನೋವು ಮಾಡಿಕೊಳ್ಳುವ ಯೋಚನೆ ಬಂದಿದೆಯೇ ಎಂದು ಕೇಳುತ್ತದೆ. ಪ್ರತಿ ಪ್ರಶ್ನೆಗೂ 0ಯಿಂದ 3 ಅಂಕ, ಒಟ್ಟು 27. 5ರಿಂದ 9 ಸೌಮ್ಯ, 10ರಿಂದ 14 ಮಧ್ಯಮ, 15ರಿಂದ 19 ಮಧ್ಯಮಕ್ಕಿಂತ ಹೆಚ್ಚು, 20 ಮತ್ತು ಮೇಲಿನದು ತೀವ್ರ. 11ರಿಂದ 17 ವಯಸ್ಸಿನವರಿಗೆಂದು ಮಾಡಿದ ರೂಪದಲ್ಲಿ ಸಿಡಿಮಿಡಿಯನ್ನೂ ಸೇರಿಸಿದ್ದಾರೆ. ಜೊತೆಗೆ ಹಿಂದೆ ಯಾವಾಗಲಾದರೂ ಪ್ರಾಣ ಕಳೆದುಕೊಳ್ಳಲು ಯತ್ನಿಸಿದ್ದುಂಟೇ ಎಂಬ ಪ್ರಶ್ನೆಯೂ ಇದೆ. ಶಾಲೆಗೆ ಅದೇ ಒಳ್ಳೆಯದು.

ಈಗ ಲೆಕ್ಕ ನೋಡಿ. 13ರಿಂದ 17 ವಯಸ್ಸಿನವರ ಮೇಲೆ ಅಮೆರಿಕದಲ್ಲಿ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನವೊಂದು 11 ಅಂಕವನ್ನು ಗೆರೆಯಾಗಿ ಇಟ್ಟುಕೊಂಡಿತ್ತು. ಖಿನ್ನತೆ ನಿಜವಾಗಿ ಇದ್ದವರಲ್ಲಿ ಶೇ 89.5 ಮಂದಿ ಸಿಕ್ಕರು, ಇಲ್ಲದವರಲ್ಲಿ ಶೇ 77.5 ಮಂದಿ ಗೆರೆಯ ಕೆಳಗೆ ಉಳಿದರು. ಕೇಳಲು ಚೆನ್ನಾಗಿದೆ. ಆದರೆ 1000 ಮಕ್ಕಳಲ್ಲಿ 50 ಮಂದಿಗೆ ಖಿನ್ನತೆ ಇದೆ ಎಂದುಕೊಳ್ಳಿ. 45 ಮಂದಿ ಸಿಗುತ್ತಾರೆ, 5 ಮಂದಿ ತಪ್ಪಿಹೋಗುತ್ತಾರೆ. ಉಳಿದ 950ರಲ್ಲಿ ಸುಮಾರು 214 ಮಕ್ಕಳು ಖಿನ್ನತೆ ಇಲ್ಲದೆಯೂ ಗೆರೆ ದಾಟುತ್ತಾರೆ. ಅಂದರೆ ಗೆರೆ ದಾಟಿದ ಸುಮಾರು 6 ಮಕ್ಕಳಲ್ಲಿ ಒಬ್ಬರಿಗೆ ಮಾತ್ರ ಖಿನ್ನತೆ. ನಿಮ್ಮ 120 ಮಕ್ಕಳಿಗೆ ಇದೇ ಲೆಕ್ಕ ಹಾಕಿದರೆ 31 ಮಂದಿಯ ಜೊತೆ ಒಬ್ಬೊಬ್ಬರಾಗಿ ಮಾತಾಡಬೇಕು. ತಲಾ 25 ನಿಮಿಷವೆಂದರೂ 13 ಗಂಟೆ ಬೇಕು. ಹಾಗಾಗಿ ಮೂರು ಸೆಕ್ಷನ್‌ಗಳನ್ನು ಒಂದೇ ದಿನ ಮಾಡಬೇಡಿ, ದಿನಕ್ಕೆ 40 ಮಕ್ಕಳು ಸಾಕು.

ಗೆರೆ ಎಲ್ಲಿ ಎಳೆಯಬೇಕೆಂಬುದೂ ಊರಿಂದೂರಿಗೆ ಬದಲಾಗುತ್ತದೆ. ಕೋಲ್ಕತ್ತದ ಶಾಲಾ ಮಕ್ಕಳ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನಕ್ಕೆ 5 ಅಂಕವೇ ಸರಿಯಾದ ಗೆರೆಯಾಗಿ ಕಂಡಿತು. ನಿಮ್ಮ ಜೊತೆ ಕೈಜೋಡಿಸುವ ಮನೋವೈದ್ಯರನ್ನು ಕೇಳಿ ಮೊದಲೇ ನಿರ್ಧರಿಸಿ. ಫಲಿತಾಂಶ ನೋಡಿ, ‘ಬಹಳ ಜನ ಬಂದುಬಿಟ್ಟರು’ ಎಂದು ಗೆರೆಯನ್ನು ಮೇಲಕ್ಕೆ ಏರಿಸುವುದು ಮಾತ್ರ ಕೂಡದು.

ಪ್ರಶ್ನೆ: ಆಯುಷ್ಮಾನ್ ಭಾರತ್ ಶಾಲಾ ಆರೋಗ್ಯ ಕಾರ್ಯಕ್ರಮದಲ್ಲಿ ನಾನು ನಮ್ಮ ಶಾಲೆಯ ಆರೋಗ್ಯ ರಾಯಭಾರಿ ಶಿಕ್ಷಕ. ಮಕ್ಕಳಿಗೆ ಪ್ರಶ್ನಾವಳಿ ಕೊಡುವಾಗ ಏನೇನು ತಪ್ಪಾಗುತ್ತದೆ? ಮೊದಲೇ ತಿಳಿಸಿದರೆ ಉಪಕಾರ.
ಶಿಕ್ಷಕ, ಕುಷ್ಟಗಿ

ಉತ್ತರ: ಬಹಳ ಒಳ್ಳೆಯ ಪ್ರಶ್ನೆ ಸರ್. ಪ್ರಶ್ನಾವಳಿ ಕೆಡುವುದು ಹೆಚ್ಚಾಗಿ ಕೊಡುವ ರೀತಿಯಿಂದ.

ಮೊದಲು ಮನೆಗೆ ಹೋಗುವ ಪತ್ರ. 10 ದಿನ ಮುಂಚೆ ಕಳಿಸಿ, ಅರ್ಧ ಪುಟ ಸಾಕು. ‘ಮಾನಸಿಕ ರೋಗ ಪತ್ತೆ’ ಎಂದು ತಲೆಬರಹ ಹಾಕಿದರೆ ಅರ್ಧ ತರಗತಿ ಅಂದು ಗೈರು. ‘ಮನಸ್ಸಿನ ಆರೋಗ್ಯ ತಪಾಸಣೆ’ ಎನ್ನಿ. ಏನು ಕೇಳುತ್ತೇವೆ, ಯಾರು ನೋಡುತ್ತಾರೆ, ಅಂಕಪಟ್ಟಿಯಲ್ಲಿ ಬರುವುದಿಲ್ಲ, ಬೇಡವೆಂದರೆ ಬಲವಂತವಿಲ್ಲ, ಯಾವ ಸಂದರ್ಭದಲ್ಲಿ ನಿಮಗೆ ಫೋನ್ ಮಾಡುತ್ತೇವೆ, ಇಷ್ಟು ಇರಲಿ. ಓದಲು ಬಾರದ ಪೋಷಕರಿಗೆ ಸಭೆ ಕರೆದು ಬಾಯಲ್ಲೇ ಹೇಳಿ. ಪೋಷಕರ ಸಹಿ ಬಂದರೂ ಮಗುವನ್ನು ಬೇರೆಯಾಗಿ ಕೇಳಬೇಕು. ಬೇಡ ಅಂದ ಮಗುವಿಗೂ ಅದೇ ಹೊತ್ತಿನಲ್ಲಿ ಬೇರೊಂದು ಹಾಳೆ ಕೊಡಿ, ಯಾರು ಬರೆದರು ಯಾರು ಬಿಟ್ಟರು ಎಂದು ಪಕ್ಕದವರಿಗೆ ತಿಳಿಯಬಾರದು.

ದಿನದ ವಿಷಯ. ಮಂಗಳವಾರ ಅಥವಾ ಬುಧವಾರ, ಬೆಳಗಿನ ಎರಡನೇ ಪಿರಿಯಡ್ ಆಗಲಿ. ಶನಿವಾರದ ಅರ್ಧ ದಿನದಲ್ಲಿ ಮಾಡಿದರೆ 9ನೇ ಪ್ರಶ್ನೆಗೆ ಗುರುತು ಹಾಕಿದ ಮಗು ಮಧ್ಯಾಹ್ನ ಮನೆಗೆ ಹೋಗಿಬಿಡುತ್ತದೆ, ಸೋಮವಾರದವರೆಗೆ ನಿಮಗೆ ಸಿಗುವುದಿಲ್ಲ. ಪರೀಕ್ಷೆಯ ವಾರ, ಊರ ಜಾತ್ರೆಯ ವಾರ, ದಸರಾ ರಜೆಯ ಹಿಂದಿನ ವಾರ ಬೇಡ. ನಿದ್ದೆ, ಹಸಿವಿನ ಉತ್ತರಗಳೆಲ್ಲ ಆಗ ಏರುಪೇರಾಗಿರುತ್ತವೆ.

ಕೂರಿಸುವ ಕ್ರಮ. ಒಂದೇ ಬೆಂಚಿನಲ್ಲಿ ಮೂವರು ಕೂತರೆ ಮೂವರ ಉತ್ತರವೂ ಒಂದೇ ಆಗಿರುತ್ತದೆ. ಪರೀಕ್ಷಾ ಕೊಠಡಿಯಂತೆ ಬೆಂಚಿಗೊಬ್ಬರನ್ನು ಕೂರಿಸಿ. ತರಗತಿ ಶಿಕ್ಷಕರು ಹೊರಗಿರಲಿ, ಒಳಗಿರುವವರು ಸಾಲುಗಳ ನಡುವೆ ಓಡಾಡಬಾರದು. ಹಾಳೆಯ ಮೇಲೆ ಹೆಸರಿನ ಬದಲು ಸಂಖ್ಯೆ, ಯಾವ ಸಂಖ್ಯೆ ಯಾರದೆಂಬ ಪಟ್ಟಿ ಆಪ್ತಸಮಾಲೋಚಕರ ಹತ್ತಿರ ಮಾತ್ರ. ಬೇಗ ಮುಗಿಸಿದವರು ಹಿಂಬದಿಯಲ್ಲಿ ಚಿತ್ರ ಬಿಡಿಸಲಿ, ಎಲ್ಲರೂ ಒಟ್ಟಿಗೆ ಪೆನ್ನು ಕೆಳಗಿಡಲಿ. ಹಾಳೆಗಳನ್ನು ಕ್ಲಾಸ್ ಲೀಡರ್ ಕೈಲಿ ತರಿಸುವ ಅಭ್ಯಾಸ ನಮ್ಮಲ್ಲಿ ಎಷ್ಟು ಬೇರೂರಿದೆಯೆಂದರೆ, ಎಲ್ಲ ಎಚ್ಚರ ವಹಿಸಿದ ಮೇಲೂ ಕೊನೆಯಲ್ಲಿ ಅದೇ ಆಗಿಬಿಡುತ್ತದೆ. ಪ್ರತಿ ಮಗುವೂ ತನ್ನ ಹಾಳೆಯನ್ನು ತಾನೇ ಮಡಚಿ ಲಕೋಟೆಗೆ ಹಾಕಲಿ.

ಇನ್ನು ಭಾಷೆ. ಮಕ್ಕಳು ತಡವರಿಸುವುದು ಎರಡು ಕಡೆ. ಮೊದಲನೆಯದು ‘ಹಲವು ದಿನಗಳು’, ‘ಅರ್ಧಕ್ಕಿಂತ ಹೆಚ್ಚು ದಿನಗಳು’, ‘ಹೆಚ್ಚುಕಡಿಮೆ ಪ್ರತಿದಿನ’ ಎಂಬ ಅಳತೆ. ಕಪ್ಪುಹಲಗೆಯ ಮೇಲೆ 14 ಚೌಕ ಬರೆಯಿರಿ, ಏಳರಂತೆ ಎರಡು ಸಾಲು. ‘ಇದು ಹೋದ ವಾರ, ಇದು ಅದರ ಹಿಂದಿನ ವಾರ. ಒಂದೂ ದಿನ ಇಲ್ಲ ಅಥವಾ ಒಂದೇ ದಿನ ಅಂದರೆ 0. ಎರಡರಿಂದ ಆರು ದಿನ ಅಂದರೆ 1. ಏಳರಿಂದ ಹನ್ನೊಂದು ದಿನಕ್ಕೆ 2. ಹನ್ನೆರಡು ಅಥವಾ ಹೆಚ್ಚು ದಿನಕ್ಕೆ 3’ ಎಂದು ಬೆರಳಿಟ್ಟು ತೋರಿಸಿ. ಇಷ್ಟು ಮಾಡಿದರೆ ಉತ್ತರಗಳ ಗುಣವೇ ಬದಲಾಗುತ್ತದೆ.

ಎರಡನೆಯದು ‘ಬೇಸರ’. ನಿಮ್ಮ ಕಡೆಯ ಹುಡುಗ ‘ಬ್ಯಾಸರ ಆಗೇತ್ರಿ’ ಅಂದರೆ ಪಾಠ ಬೋರಾಗಿರಬಹುದು, ಮೈ ದಣಿದಿರಬಹುದು, ಬದುಕೇ ಬೇಡವಾಗಿರಬಹುದು. ಮೈಸೂರು ಕಡೆಯ ‘ಬೇಜಾರು’ ಕೂಡ ಹಾಗೆಯೇ. ಅದಕ್ಕೆ ಪ್ರಶ್ನೆಯನ್ನು ಬದಲಿಸದೆ, ಉದಾಹರಣೆಯೊಂದನ್ನು ಎಲ್ಲರಿಗೂ ಒಂದೇ ರೀತಿ ಹೇಳಿ: ‘ಮೊದಲು ಕಬಡ್ಡಿ ಅಂದರೆ ಓಡಿ ಬರುತ್ತಿದ್ದವನಿಗೆ ಈಗ ಕರೆದರೂ ಹೋಗಬೇಕು ಅನ್ನಿಸುವುದಿಲ್ಲ, ಅಂಥದ್ದು.’ ಒಬ್ಬ ಮಗುವಿಗೆ ಮಾತ್ರ ಪಕ್ಕದಲ್ಲಿ ನಿಂತು ವಿವರಿಸಿದರೆ ಉತ್ತರ ನಿಮ್ಮದಾಗುತ್ತದೆ.

ಹಾಳೆ ಕೈಗೆ ಬಂದ ತಕ್ಷಣ ಒಟ್ಟು ಅಂಕ ಕೂಡಿಸಲು ಕೂರಬೇಡಿ. ಮೊದಲು ಎಲ್ಲ ಹಾಳೆಗಳ 9ನೇ ಪ್ರಶ್ನೆ ಮಾತ್ರ ನೋಡಿ. ಗುರುತು 1, 2, 3 ಯಾವುದಿದ್ದರೂ, ಅಥವಾ ಆ ಪ್ರಶ್ನೆಯೊಂದನ್ನೇ ಖಾಲಿ ಬಿಟ್ಟಿದ್ದರೂ, ಬದಿಗಿಡಿ. ಆಮೇಲೆ ಕೂಡಿಸಿ. ಮೇಲಿಂದ ಕೆಳಗೆ ಒಂದೇ ಗೆರೆಯಲ್ಲಿ ಗುರುತು ಹಾಕಿದ ಹಾಳೆಗಳನ್ನೂ ಬೇರೆ ಇಡಿ, ಅವು ಓದದೆ ತುಂಬಿದವು ಇರಬಹುದು.

ಅಂದು ಗೈರಾದವರ ಪಟ್ಟಿಯನ್ನು ಖಂಡಿತ ಮಾಡಿ. ಪದೇ ಪದೇ ಶಾಲೆ ತಪ್ಪಿಸುವ ಮಕ್ಕಳಲ್ಲೇ ತೊಂದರೆ ಹೆಚ್ಚು, ಹಾಜರಿದ್ದವರನ್ನಷ್ಟೇ ನೋಡಿ ಮುಗಿಸಿದರೆ ನೋಡಬೇಕಾದವರನ್ನೇ ಬಿಟ್ಟಂತೆ.

ಕೊನೆಯದಾಗಿ, ‘ಇವರಿವರು ಆಫೀಸ್ ರೂಮಿಗೆ ಬನ್ನಿ’ ಎಂದು ತರಗತಿಯಲ್ಲಿ ಹೆಸರು ಕೂಗಿದರೆ ಸಂಜೆಯೊಳಗೆ ಆ ಮಕ್ಕಳಿಗೆ ಅಡ್ಡಹೆಸರು ಬಿದ್ದಿರುತ್ತದೆ. ಕಡಿಮೆ ಅಂಕ ಬಂದ ಕೆಲವರನ್ನೂ ಸೇರಿಸಿ ಕರೆಯಿರಿ, ಅವರ ಜೊತೆ ಐದು ನಿಮಿಷ ಮಾತಾಡಿ ಕಳಿಸಿ.

ಪ್ರಶ್ನೆ: 9ನೇ ಪ್ರಶ್ನೆಗೆ ‘ಹೌದು’ ಎಂದ ಮಗುವಿನ ಹತ್ತಿರ ಮಾತು ಹೇಗೆ ಶುರುಮಾಡುವುದು? ಸಾವಿನ ಬಗ್ಗೆ ಕೇಳಿದರೆ ನಾವೇ ಆ ಯೋಚನೆ ತುಂಬಿದಂತೆ ಆಗುವುದಿಲ್ಲವೇ?
ಹೊಸದಾಗಿ ಸೇರಿದ ಆಪ್ತಸಮಾಲೋಚಕಿ, ಉಡುಪಿ

ಉತ್ತರ: ಆಗುವುದಿಲ್ಲ. ನ್ಯೂಯಾರ್ಕ್ ರಾಜ್ಯದ 6 ಪ್ರೌಢಶಾಲೆಗಳ 2,342 ವಿದ್ಯಾರ್ಥಿಗಳ ಮೇಲೆ ಇದನ್ನೇ ಪರೀಕ್ಷಿಸಿ ನೋಡಿದ್ದಾರೆ. 2005ರಲ್ಲಿ ಬಂದ ಆ ಫಲಿತಾಂಶದ ಪ್ರಕಾರ ಆತ್ಮಹತ್ಯೆಯ ಬಗ್ಗೆ ಕೇಳಿಸಿಕೊಂಡ ಮಕ್ಕಳಲ್ಲಿ ಕಳವಳವಾಗಲಿ ಅಂಥ ಯೋಚನೆಯಾಗಲಿ ಹೆಚ್ಚಲಿಲ್ಲ. ಮೊದಲೇ ನೊಂದಿದ್ದ ಮಕ್ಕಳಿಗೆ ಕೇಳಿದ್ದರಿಂದ ಸ್ವಲ್ಪ ಹಗುರವಾದಂತೆಯೇ ಕಂಡಿತು.

ಒಟ್ಟು ಅಂಕ 4 ಇದ್ದರೂ, 9ನೇ ಪ್ರಶ್ನೆಗೆ ಬರೀ 1 ಹಾಕಿದ್ದರೂ, ಆ ಮಗು ಸಂಜೆ ಬಸ್ ಹತ್ತುವ ಮೊದಲು ನೀವು ಮಾತಾಡಿರಬೇಕು. ಬಾಗಿಲು ಮುಚ್ಚಿಕೊಳ್ಳುವ, ಆದರೆ ಹೊರಗಿನವರಿಗೆ ಕಾಣುವ ಕೋಣೆ ಇರಲಿ. ಮೇಜಿನ ಆಚೆ-ಈಚೆ ಕೂರದೆ ಪಕ್ಕಕ್ಕೆ ಓರೆಯಾಗಿ ಕೂತುಕೊಳ್ಳಿ.

ಮೊದಲ ಮಾತು ಗುಟ್ಟಿನ ಬಗ್ಗೆ ಇರಲಿ. ‘ನೀನು ಹೇಳಿದ್ದನ್ನು ಊರಿಗೆಲ್ಲ ಹೇಳುವುದಿಲ್ಲ. ಆದರೆ ನಿನ್ನ ಜೀವಕ್ಕೆ ಅಪಾಯ ಇದೆ ಅನ್ನಿಸಿದರೆ, ಅಥವಾ ಯಾರಾದರೂ ನಿನಗೆ ಕೆಟ್ಟದ್ದು ಮಾಡುತ್ತಿದ್ದರೆ, ಸಹಾಯ ಮಾಡಬಲ್ಲವರಿಗೆ ಹೇಳಲೇಬೇಕಾಗುತ್ತದೆ. ಹೇಳುವ ಮೊದಲು ನಿನಗೇ ತಿಳಿಸುತ್ತೇನೆ.’ ‘ಯಾರಿಗೂ ಹೇಳಲ್ಲ, ಪ್ರಾಮಿಸ್’ ಎಂದು ಬಾಯಿ ತಪ್ಪಿಯೂ ಅನ್ನಬೇಡಿ. ಲೈಂಗಿಕ ದೌರ್ಜನ್ಯದ ವಿಷಯ ಹೊರಬಂದರೆ 2012ರ ಪೋಕ್ಸೊ ಕಾಯ್ದೆಯ 19ನೇ ಕಲಂ ಪ್ರಕಾರ ಪೊಲೀಸರಿಗೆ ತಿಳಿಸುವುದು ಕಡ್ಡಾಯ, ತಿಳಿಸದಿದ್ದರೆ ಶಿಕ್ಷೆಯೂ ಇದೆ. ಮಾತು ಕೊಟ್ಟು ಮುರಿದರೆ ಮಗು ನಿಮ್ಮನ್ನು ಮತ್ತೆ ನಂಬುವುದಿಲ್ಲ.

ಆಮೇಲೆ ನೇರವಾಗಿ, ಮೆತ್ತಗೆ:

‘ಒಂಬತ್ತನೇ ಪ್ರಶ್ನೆಗೆ ಕೆಲವು ದಿನ ಅಂತ ಹಾಕಿದ್ದೀಯ. ಆ ದಿನ ಏನು ಅನ್ನಿಸ್ತಿತ್ತು, ಹೇಳ್ತೀಯಾ?’

‘ಸತ್ತುಹೋಗಬೇಕು ಅಂತಲೂ ಅನ್ನಿಸಿತ್ತಾ?’

‘ಹೇಗೆ ಅಂತ ಯೋಚನೆ ಮಾಡಿದ್ದೆಯಾ?’

‘ಹಿಂದೆ ಯಾವಾಗಾದರೂ ಏನಾದರೂ ಮಾಡಿಕೊಂಡಿದ್ದೆಯಾ?’

‘ಈಗ, ಇಲ್ಲಿ ಕೂತಿರುವಾಗಲೂ ಆ ಯೋಚನೆ ಇದೆಯಾ?’

ಪ್ರತಿ ಪ್ರಶ್ನೆಯ ನಂತರ ಸುಮ್ಮನಿರಿ. ಮನಸ್ಸಿನಲ್ಲೇ ಹತ್ತು ಎಣಿಸಿ. ‘ಅಂಥದ್ದೇನೂ ಇಲ್ಲ ತಾನೇ?’ ಎಂದು ಕೇಳಿದರೆ ‘ಇಲ್ಲ ಮಿಸ್’ ಎಂಬ ಉತ್ತರವೇ ಬರುತ್ತದೆ, ನಿಮಗೆ ಸಮಾಧಾನ ಮಾಡಲು ಮಗು ಹಾಗನ್ನುತ್ತದೆ. ‘ಅಪ್ಪ-ಅಮ್ಮ ಎಷ್ಟು ಕಷ್ಟಪಟ್ಟು ಓದಿಸ್ತಿದ್ದಾರೆ, ಅವರ ಮುಖ ನೋಡು’ ಎಂಬ ಮಾತಂತೂ ಬೇಡವೇ ಬೇಡ. ತಾನು ಮನೆಯವರಿಗೆ ಭಾರ ಎಂದುಕೊಂಡೇ ಆ ಮಗು ನಿಮ್ಮ ಮುಂದೆ ಕೂತಿರುತ್ತದೆ.

ಯೋಚನೆ ಬಂದುಹೋಗಿದೆ, ದಾರಿ ಹುಡುಕಿಲ್ಲ, ಹಿಂದೆ ಯತ್ನಿಸಿಲ್ಲ ಎಂದಾದರೆ ಅಂದೇ ಪೋಷಕರಿಗೆ ತಿಳಿಸಿ, ಎರಡು-ಮೂರು ದಿನದೊಳಗೆ ವೈದ್ಯರ ಭೇಟಿ ಗೊತ್ತುಮಾಡಿ. ದಾರಿ ಯೋಚಿಸಿದೆ, ಅಥವಾ ಹಿಂದೆ ಯತ್ನಿಸಿದೆ, ಅಥವಾ ಈಗಲೂ ಆ ಯೋಚನೆ ಇದೆ ಎಂದರೆ ಮಗುವನ್ನು ಒಂದು ನಿಮಿಷವೂ ಒಂಟಿಯಾಗಿ ಬಿಡಬೇಡಿ, ಶೌಚಾಲಯಕ್ಕೂ ಆಯಾ ಜೊತೆಗೆ ಹೋಗಲಿ. ಪೋಷಕರು ಶಾಲೆಗೇ ಬರಲಿ, ಅಲ್ಲಿಂದಲೇ ಮನೋವೈದ್ಯರಿರುವ ಆಸ್ಪತ್ರೆಗೆ. ಗೆಳತಿಯ ಜೊತೆ ಮನೆಗೆ ಕಳಿಸುವುದು, ‘ನಾಳೆ ಅಪ್ಪನನ್ನು ಕರ್ಕೊಂಡು ಬಾ’ ಎನ್ನುವುದು ದೊಡ್ಡ ತಪ್ಪು.

ಫೋನಿನಲ್ಲಿ ‘ನಿಮ್ಮ ಮಗಳು ಸಾಯಬೇಕು ಅಂತಿದ್ದಾಳೆ’ ಎಂದು ಸಿಡಿಲು ಬಡಿದಂತೆ ಹೇಳಿದರೆ ಗಾಬರಿಯಲ್ಲಿ ಹೊಡೆದುಬಿಡುವವರಿದ್ದಾರೆ. ‘ಅಮ್ಮಾ, ಮಗಳು ಕ್ಷೇಮವಾಗಿ ನನ್ನ ಪಕ್ಕದಲ್ಲೇ ಇದ್ದಾಳೆ. ಏನೂ ತಪ್ಪು ಮಾಡಿಲ್ಲ. ಮನಸ್ಸಿಗೆ ತುಂಬ ನೋವಾಗಿದೆ, ಇವತ್ತೇ ಡಾಕ್ಟರಿಗೆ ತೋರಿಸಬೇಕು. ಯಾರ ಜೊತೆ ಬರ್ತೀರಿ, ಎಷ್ಟೊತ್ತಿಗೆ ಬರ್ತೀರಿ?’ ಎಂದರೆ ಸಾಕು, ಉಳಿದದ್ದು ಎದುರು ಕೂತು. ಬಂದಾಗ ಮನೆಯ ವಿಷಯವನ್ನು ಬಿಡಿಸಿ ಹೇಳಿ: ಹೊಲಕ್ಕೆ, ತೋಟಕ್ಕೆ ಹೊಡೆಯುವ ಔಷಧಿ ಮನೆಯೊಳಗೆ ಬೇಡ, ಬೇರೆ ಕಡೆ ಬೀಗದಲ್ಲಿರಲಿ, ಅಜ್ಜನ ಬಿ.ಪಿ., ಸಕ್ಕರೆ ಮಾತ್ರೆಗಳೂ ಬೀರುವಿಗೆ ಹೋಗಲಿ. ಕೆಲವು ವಾರ ರಾತ್ರಿ ದೊಡ್ಡವರೊಬ್ಬರು ಅದೇ ಕೋಣೆಯಲ್ಲಿ ಮಲಗಲಿ. ಇದು ಸಣ್ಣ ಕೆಲಸದಂತೆ ಕಂಡರೂ ಜೀವ ಉಳಿಸುತ್ತದೆ. ಆ ಯೋಚನೆ ಉಕ್ಕಿ ಬರುವ ಹೊತ್ತು ಬಹುಪಾಲು ಚಿಕ್ಕದು, ಆ ಹೊತ್ತಿನಲ್ಲಿ ಕೈಗೆ ಏನೂ ಸಿಗದಿದ್ದರೆ ದಾಟಿಹೋಗುತ್ತದೆ.

ಅಪಾಯ ಮನೆಯಲ್ಲೇ ಇದೆ ಎಂದು ಮಗು ಹೇಳಿದರೆ ಆ ವ್ಯಕ್ತಿಗೆ ಫೋನ್ ಮಾಡಬೇಡಿ. ಮಗು ನಂಬುವ ಇನ್ನೊಬ್ಬ ಹಿರಿಯರನ್ನು ಕರೆಯಿರಿ, ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸಿ.

ಇಷ್ಟನ್ನೂ ಬರೆದಿಡಿ: ಎಷ್ಟು ಗಂಟೆಗೆ ಮಾತಾಡಿದಿರಿ, ಮಗು ಯಾವ ಪದ ಬಳಸಿತು, ಯಾರಿಗೆ ತಿಳಿಸಿದಿರಿ, ಯಾರ ಕೈಗೆ ಒಪ್ಪಿಸಿದಿರಿ.

ಪ್ರಶ್ನೆ: ನಾನು ಪ್ರಥಮ ಪಿಯುಸಿ. ಕಾಲೇಜಿನಲ್ಲಿ ಈ ಫಾರ್ಮ್ ಕೊಟ್ಟಾಗ ಎಲ್ಲದಕ್ಕೂ 0 ಹಾಕಿದೆ. ನಿಜ ಬರೆದಿದ್ದರೆ ಮನೆಗೆ ಹೇಳಿ ಓದು ಬಿಡಿಸುತ್ತಿದ್ದರೇನೋ ಎಂಬ ಭಯ. ಈಗ ಏನು ಮಾಡಲಿ?
ವಿದ್ಯಾರ್ಥಿನಿ, ಹಾಸನ

ಉತ್ತರ: ನೀನು ಹೆದರಿದ್ದು ಸಹಜ, ಅದರಲ್ಲಿ ತಪ್ಪಿಲ್ಲ. ಆ ಫಾರ್ಮ್ ಮುಗಿದುಹೋದ ಪರೀಕ್ಷೆಯಲ್ಲ. ಆಪ್ತಸಮಾಲೋಚಕರ ಹತ್ತಿರ ನಾಳೆಯೇ ಹೋಗಿ ‘ಅವತ್ತು ಸರಿಯಾಗಿ ಬರೆಯಲಿಲ್ಲ, ಮತ್ತೊಂದು ಹಾಳೆ ಕೊಡಿ’ ಎನ್ನಬಹುದು. ಮೊದಲೇ ಕೇಳು: ‘ಮನೆಗೆ ಯಾವಾಗ ಹೇಳುತ್ತೀರಿ, ಏನು ಹೇಳುತ್ತೀರಿ?’ ಒಳ್ಳೆಯ ಸಮಾಲೋಚಕರು ಇದಕ್ಕೆ ಬೇಸರಿಸುವುದಿಲ್ಲ. ಜೀವಕ್ಕೆ ಅಪಾಯವಿದ್ದರೆ ಹೇಳಲೇಬೇಕು. 18 ತುಂಬದವರಿಗೆ ಔಷಧಿ ಶುರುಮಾಡಲೂ ಪೋಷಕರ ಒಪ್ಪಿಗೆ ಬೇಕು. ಆದರೆ ನಿನ್ನ ಪ್ರತಿಯೊಂದು ಮಾತೂ ಮನೆಗೆ ಹೋಗಬೇಕೆಂದೇನೂ ಇಲ್ಲ. ಮನೆಯಲ್ಲಿ ಮೊದಲು ಯಾರಿಗೆ ತಿಳಿಸಬೇಕು, ಅಮ್ಮನಿಗೋ ಅಕ್ಕನಿಗೋ ಚಿಕ್ಕಮ್ಮನಿಗೋ, ಎಂಬುದನ್ನು ನೀನೇ ಆರಿಸು.

ಮುಖಾಮುಖಿ ಕಷ್ಟವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮನಸ್ 14416ಕ್ಕೆ ಫೋನ್ ಮಾಡು. ಹಗಲು-ರಾತ್ರಿ ಇರುತ್ತಾರೆ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಸಾಯುವ ಯೋಚನೆ ಇದ್ದರೆ ಇದನ್ನು ಓದಿದ ಕೂಡಲೇ, ಇವತ್ತೇ, ಹತ್ತಿರದಲ್ಲಿರುವ ಒಬ್ಬ ದೊಡ್ಡವರಿಗೆ ಹೇಳು. ಸರಿಯಾದ ಪದ ಸಿಗದಿದ್ದರೆ ಈ ಪುಟವನ್ನೇ ತೋರಿಸು.

ಪ್ರಶ್ನೆ: 10ನೇ ತರಗತಿಯ ಮಗಳಿಗೆ 14 ಅಂಕ ಬಂದಿದೆ, ವೈದ್ಯರಿಗೆ ತೋರಿಸಿ ಎಂದು ಶಾಲೆಯವರು ಹೇಳಿದ್ದಾರೆ. ನಮ್ಮೆಜಮಾನರು ‘ಓದೋಕೆ ಸೋಮಾರಿತನ, ಮೊಬೈಲ್ ಕಿತ್ಕೊಂಡ್ರೆ ಸರಿಹೋಗುತ್ತೆ’ ಅಂತಾರೆ. ಮಾತ್ರೆ ಕೊಟ್ಟರೆ ಜೀವನಪೂರ್ತಿ ನುಂಗಬೇಕಾ? ಇದು ದಾಖಲೆಯಲ್ಲಿ ಉಳಿಯುತ್ತದಾ?
ತಾಯಿ, ದಾವಣಗೆರೆ

ಉತ್ತರ: ಅಮ್ಮಾ, 14 ಅಂಕ ಎಂದರೆ ಖಿನ್ನತೆ ಇದೆ ಎಂದಲ್ಲ, ಸರಿಯಾಗಿ ವಿಚಾರಿಸಬೇಕು ಎಂದರ್ಥ. ಬೆಳಗಿನ 4ಕ್ಕೆ ಎದ್ದು ಟ್ಯೂಷನ್‌ಗೆ ಹೋಗುವ ಮಗುವಿಗೆ ನಿದ್ದೆ, ಸುಸ್ತು, ಗಮನದ ಪ್ರಶ್ನೆಗಳಿಂದಲೇ 6-7 ಅಂಕ ಬಂದಿರಬಹುದು. ರಕ್ತಹೀನತೆ, ಥೈರಾಯ್ಡ್ ತೊಂದರೆಯಲ್ಲೂ ಸುಸ್ತು, ಮಂಕು ಇರುತ್ತದೆ, ವೈದ್ಯರು ರಕ್ತಪರೀಕ್ಷೆ ಬರೆದುಕೊಟ್ಟರೆ ಮಾಡಿಸಿ. ಯಜಮಾನರಿಗೆ ಒಂದು ಮಾತು ಹೇಳಿ: ಸೋಮಾರಿಯಾದ ಮಗುವಿಗೆ ಓದು ಬೇಡವಾಗಿರುತ್ತದೆ, ಆಟ, ಸಿನಿಮಾ, ಗೆಳತಿಯರು ಬೇಕಾಗಿರುತ್ತಾರೆ. ಖಿನ್ನತೆಯಲ್ಲಿರುವ ಮಗುವಿಗೆ ಇಷ್ಟವಾದದ್ದೂ ಬೇಡವಾಗುತ್ತದೆ. ಮಗಳು ಮೊದಲು ಇಷ್ಟಪಡುತ್ತಿದ್ದ ಯಾವುದನ್ನು ಬಿಟ್ಟಿದ್ದಾಳೆ, ಎಷ್ಟು ದಿನದಿಂದ ಎಂದು ಇಬ್ಬರೂ ಕೂತು ನೆನಪು ಮಾಡಿಕೊಳ್ಳಿ. ವೈದ್ಯರು ಕೇಳುವ ಮೊದಲ ಪ್ರಶ್ನೆಯೂ ಅದೇ.

ಮಾತ್ರೆ ಎಲ್ಲರಿಗೂ ಬೇಕಾಗುವುದಿಲ್ಲ. ಸೌಮ್ಯವಾಗಿದ್ದರೆ ನಿದ್ದೆ, ಓಡಾಟ, ದಿನಚರಿ ಸರಿಪಡಿಸಿ ಎರಡು ವಾರದ ನಂತರ ಮತ್ತೆ ನೋಡುತ್ತಾರೆ. ಮಧ್ಯಮವಾದರೆ ವಾರಕ್ಕೊಮ್ಮೆಯಂತೆ ಕೆಲವು ವಾರ ಮಾತಿನ ಚಿಕಿತ್ಸೆ. ಔಷಧಿ ಬೇಕೆಂದರೆ ಮಕ್ಕಳಲ್ಲಿ ಸಾಮಾನ್ಯವಾಗಿ ಮೊದಲು ಕೊಡುವುದು ಫ್ಲುಯೊಕ್ಸೆಟಿನ್. ಗುಣ ಕಾಣಲು ಕೆಲವು ವಾರ ಹಿಡಿಯುತ್ತದೆ, ಮೂರನೇ ದಿನಕ್ಕೆ ‘ಉಪಯೋಗ ಇಲ್ಲ’ ಎಂದು ಬಿಟ್ಟರೆ ಕಷ್ಟ. ಶುರುವಿನ ವಾರಗಳಲ್ಲಿ ಕೆಲವು ಮಕ್ಕಳಿಗೆ ಚಡಪಡಿಕೆ, ನಿದ್ದೆಗೇಡು ಹೆಚ್ಚಿ ಸಾವಿನ ಯೋಚನೆ ಬರುವುದುಂಟು, ಆಗ ತಡಮಾಡದೆ ವೈದ್ಯರಿಗೆ ಹೇಳಿ. ಮನೆತನದಲ್ಲಿ ಯಾರಿಗಾದರೂ ಕೆಲವು ಕಾಲ ಅತಿ ಉತ್ಸಾಹ, ಕೆಲವು ಕಾಲ ಕುಗ್ಗುವಿಕೆ ಇದ್ದರೆ ಮುಚ್ಚಿಡಬೇಡಿ, ಔಷಧಿಯ ಆಯ್ಕೆಯೇ ಬದಲಾಗುತ್ತದೆ. ಗುಣವಾದ ಮೇಲೂ 6 ತಿಂಗಳಿಂದ ಒಂದು ವರ್ಷ ಮುಂದುವರಿಸಿ, ನಿಧಾನವಾಗಿ ಇಳಿಸಿ ನಿಲ್ಲಿಸುತ್ತಾರೆ. ಜೀವನಪೂರ್ತಿ ಎಂಬುದು ಹೆಚ್ಚಿನ ಮಕ್ಕಳಿಗೆ ಇಲ್ಲ.

ದಾಖಲೆಯ ವಿಷಯ. ಟಿ.ಸಿ.ಯಲ್ಲಾಗಲಿ ಅಂಕಪಟ್ಟಿಯಲ್ಲಾಗಲಿ ಇದು ಬರಬಾರದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಕಲಂ ಚಿಕಿತ್ಸೆಯ ವಿವರವನ್ನು ಗೌಪ್ಯವಾಗಿಡುವ ಹಕ್ಕು ಕೊಟ್ಟಿದೆ. ಶಾಲೆಯವರಿಗೆ ‘ತೋರಿಸಿದ್ದೇವೆ, ಪರೀಕ್ಷೆಯ ಸಮಯದಲ್ಲಿ ಇಂತಿಂಥ ಸಹಾಯ ಬೇಕು’ ಎಂದರೆ ಸಾಕು, ಚೀಟಿ ತೋರಿಸಬೇಕಿಲ್ಲ.

ಪ್ರಶ್ನೆ: ವಸತಿ ಶಾಲೆಯಲ್ಲಿ ನಿಲಯಪಾಲಕ. 250 ಮಕ್ಕಳು, ಸಮಾಲೋಚಕರಿಲ್ಲ, ಮನೋವೈದ್ಯರು 60 ಕಿಲೋಮೀಟರ್ ದೂರ. ನಾವು ತಪಾಸಣೆ ಮಾಡಬಹುದೇ?
ಯಾದಗಿರಿ ಜಿಲ್ಲೆ

ಉತ್ತರ: ಈಗಲೇ ಎಲ್ಲರಿಗೂ ಹಾಳೆ ಹಂಚಬೇಡಿ. ಲೆಕ್ಕ ಮೇಲೆ ಕೊಟ್ಟಿದ್ದೇವೆ, 250 ಮಕ್ಕಳೆಂದರೆ 60ಕ್ಕೂ ಹೆಚ್ಚು ಮಂದಿಯ ಜೊತೆ ಮಾತಾಡಬೇಕಾಗುತ್ತದೆ. ಹಾಗೆಂದು ಕೈಕಟ್ಟಿ ಕೂರಬೇಕಿಲ್ಲ. ಯಾವ ಶಿಕ್ಷಕರಿಗೂ ಕಾಣದ್ದು ನಿಲಯಪಾಲಕರಿಗೆ ಕಾಣುತ್ತದೆ: ತಟ್ಟೆಯಲ್ಲಿ ಊಟ ಬಿಡುವವರು, ರಾತ್ರಿ ಎದ್ದು ಕೂರುವವರು, ರಜೆಯಿಂದ ಮರಳಿ ಬಂದ ಮೇಲೆ ಮಂಕಾದವರು, ಕಾರಣವಿಲ್ಲದೆ ವಾರವಾರ ತಲೆನೋವು-ಹೊಟ್ಟೆನೋವು ಎನ್ನುವವರು, ಇಷ್ಟದ ವಸ್ತುಗಳನ್ನು ಗೆಳೆಯರಿಗೆ ಹಂಚಿಬಿಡುವವರು. ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕ ಹಾಕಿ ಬರೆಯಿರಿ. ಎರಡು ವಾರ ಹೀಗೇ ನಡೆದರೆ ಆ ಮಗುವನ್ನು ಮಾತಾಡಿಸಿ, ವೈದ್ಯರಿಗೆ ತೋರಿಸಿ. ಕೊನೆಯ ಲಕ್ಷಣ ಕಂಡರೆ ಎರಡು ವಾರ ಕಾಯಬೇಡಿ, ಅಂದೇ ಮಾತಾಡಿಸಿ.

ಜಿಲ್ಲಾ ಆಸ್ಪತ್ರೆಗೇ ಹೋಗಬೇಕೆಂದಿಲ್ಲ. ಕರ್ನಾಟಕದ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರಗಳಂದು ಮನೋವೈದ್ಯರು ಬರುವ ಏರ್ಪಾಡಿದೆ. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಎಂದು ಕೇಳಿ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ಹದಿಹರೆಯದವರ ಸ್ನೇಹ ಕ್ಲಿನಿಕ್ ಇದ್ದರೆ ಅಲ್ಲಿನ ಸಮಾಲೋಚಕರನ್ನು ತಿಂಗಳಿಗೊಮ್ಮೆ ಕರೆಸಿ. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಮಾರ್ಗಸೂಚಿ ನಿಮಗೆ ಆಧಾರ: 100 ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗೆ ಅರ್ಹ ಸಮಾಲೋಚಕರು ಒಬ್ಬರಾದರೂ ಇರಬೇಕು, ಸಿಬ್ಬಂದಿಗೆ ವರ್ಷಕ್ಕೆ ಎರಡು ಬಾರಿ ತರಬೇತಿ ಆಗಬೇಕು, ಸಹಾಯವಾಣಿ ಸಂಖ್ಯೆ ಹಾಸ್ಟೆಲಿನಲ್ಲಿ ಎದ್ದು ಕಾಣಬೇಕು. ಇಲಾಖೆಗೆ ಪತ್ರ ಬರೆಯುವಾಗ ಇದನ್ನು ಉಲ್ಲೇಖಿಸಿ.

ಪ್ರಶ್ನೆ: ಕಂಪನಿಯೊಂದು ಮೊಬೈಲ್ ಆ್ಯಪ್‌ನಲ್ಲಿ ತಪಾಸಣೆ ಮಾಡಿ ಪ್ರತಿ ಮಗುವಿಗೂ ವರದಿ ಕೊಡುತ್ತೇವೆ ಎನ್ನುತ್ತಿದೆ. ಒಪ್ಪಬಹುದೇ?
ಶಾಲಾ ಕಾರ್ಯದರ್ಶಿ, ಬೆಂಗಳೂರು

ಉತ್ತರ: ವರದಿಯ ಮಾದರಿ ತರಿಸಿ ನೋಡಿ. ಬರೀ ಅಂಕ ನೋಡಿ ‘ಖಿನ್ನತೆ ಇದೆ’ ಎಂದು ಮುದ್ರಿಸುತ್ತಿದ್ದರೆ ಅಲ್ಲಿಗೇ ಬಿಡಿ. ರಾತ್ರಿ 10ಕ್ಕೆ ಮನೆಯಲ್ಲಿ ಆ್ಯಪ್ ತೆರೆದು ಮಗು 9ನೇ ಪ್ರಶ್ನೆಗೆ 3 ಒತ್ತಿದರೆ ಆ ಕ್ಷಣ ಯಾರ ಫೋನ್ ಹೊಡೆದುಕೊಳ್ಳುತ್ತದೆ ಎಂದು ಕೇಳಿ. ಸ್ಪಷ್ಟ ಉತ್ತರ ಬರದಿದ್ದರೆ ಬೇಡ. ಮಾಹಿತಿ ಎಲ್ಲಿ, ಎಷ್ಟು ದಿನ ಇರುತ್ತದೆ, ಯಾವಾಗ ಅಳಿಸುತ್ತಾರೆ ಎಂಬುದು ಕರಾರಿನಲ್ಲಿರಲಿ. 2023ರ ದತ್ತಾಂಶ ರಕ್ಷಣಾ ಕಾಯ್ದೆಯಲ್ಲಿ 18ರೊಳಗಿನವರೆಲ್ಲ ಮಕ್ಕಳೇ, ಪೋಷಕರ ಒಪ್ಪಿಗೆ ಇಲ್ಲದೆ ಅವರ ಮಾಹಿತಿ ಮುಟ್ಟುವಂತಿಲ್ಲ. ಆ ದುಡ್ಡಿನಲ್ಲಿ ವಾರಕ್ಕೆ ಎರಡು ದಿನ ಸಮಾಲೋಚಕರೊಬ್ಬರು ಸಿಗುತ್ತಾರೆಯೇ ನೋಡಿ; ನಮ್ಮ ಮತ ಅದಕ್ಕೇ.

ಪ್ರಶ್ನೆ: ಇಷ್ಟೆಲ್ಲ ಮಾಡಿದರೆ ನಿಜವಾಗಿ ಪ್ರಯೋಜನ ಇದೆ ಎಂಬುದಕ್ಕೆ ಪುರಾವೆ ಇದೆಯೇ?
ನಿವೃತ್ತ ಶಿಕ್ಷಣಾಧಿಕಾರಿ, ಶಿರಸಿ

ಉತ್ತರ: ಪುರಾವೆ ಇದೆ, ಆದರೆ ಒಂದೇ ದಿಕ್ಕಿಗೆ ಇಲ್ಲ. ಅಮೆರಿಕದ ಪೆನ್ಸಿಲ್ವೇನಿಯಾದ 14 ಪ್ರೌಢಶಾಲೆಗಳಲ್ಲಿ ಸುಮಾರು 13 ಸಾವಿರ ವಿದ್ಯಾರ್ಥಿಗಳ ಮೇಲೆ ನಡೆದ ಪ್ರಯೋಗ 2021ರಲ್ಲಿ ಪ್ರಕಟವಾಯಿತು. ಶಿಕ್ಷಕರು ಗಮನಿಸಿ ಕಳಿಸುವ ರೂಢಿಯ ಕ್ರಮಕ್ಕಿಂತ ಎಲ್ಲರಿಗೂ ಪಿಎಚ್‌ಕ್ಯೂ-9 ಕೊಟ್ಟಾಗ ಖಿನ್ನತೆಯ ಲಕ್ಷಣ ಪತ್ತೆಯಾಗುವ ಸಾಧ್ಯತೆ ಸುಮಾರು 6 ಪಟ್ಟು, ಚಿಕಿತ್ಸೆ ಶುರುವಾಗುವ ಸಾಧ್ಯತೆ ಸುಮಾರು 2 ಪಟ್ಟು ಹೆಚ್ಚಿತು. ಆರಕ್ಕೂ ಎರಡಕ್ಕೂ ನಡುವಿನ ಅಂತರವನ್ನು ಗಮನಿಸಿ. ಪತ್ತೆಯಾದವರು ಸೋರಿಹೋಗುವುದು ಅಲ್ಲೇ.

ಯುರೋಪಿನ 10 ದೇಶಗಳ 168 ಶಾಲೆಗಳಲ್ಲಿ ನಡೆದು 2015ರಲ್ಲಿ ಬಂದ ಸೇಯ್ಲ್ ಅಧ್ಯಯನ ಮೂರು ದಾರಿಗಳನ್ನು ಹೋಲಿಸಿತು: ಶಿಕ್ಷಕರಿಗೆ ತರಬೇತಿ, ತಜ್ಞರಿಂದ ತಪಾಸಣೆ, ಮಕ್ಕಳಿಗೇ ಪಾತ್ರಾಭಿನಯ, ಚರ್ಚೆಯ ಮೂಲಕ ಮನಸ್ಸಿನ ಆರೋಗ್ಯ ಕಲಿಸುವುದು. ವರ್ಷದ ನಂತರ ಆತ್ಮಹತ್ಯಾ ಯತ್ನಗಳು ಸುಮಾರು ಅರ್ಧಕ್ಕೆ ಇಳಿದಿದ್ದು ಮೂರನೆಯದರಲ್ಲಿ. ತಪಾಸಣೆಯೊಂದರಿಂದಲೇ ಅಂಥ ಇಳಿಕೆ ಕಾಣಲಿಲ್ಲ.

ನಮಗೆ ಹತ್ತಿರದ್ದು ಬಿಹಾರದ ನಳಂದ ಜಿಲ್ಲೆಯ ಸೆಹರ್ ಪ್ರಯೋಗ, 2018ರಲ್ಲಿ ಪ್ರಕಟವಾದದ್ದು. ಅಲ್ಲಿನ ಸರ್ಕಾರಿ ಪ್ರೌಢಶಾಲೆಗಳಲ್ಲಿ ಒಂದೇ ಶಾಲಾ ಆರೋಗ್ಯ ಕಾರ್ಯಕ್ರಮವನ್ನು ಕೆಲವು ಕಡೆ ತರಬೇತಿ ಪಡೆದ ಸ್ಥಳೀಯ ಸಮಾಲೋಚಕರು, ಕೆಲವು ಕಡೆ ಶಿಕ್ಷಕರು ನಡೆಸಿದರು. ಸಮಾಲೋಚಕರಿದ್ದ ಶಾಲೆಗಳಲ್ಲಿ ಶಾಲೆಯ ವಾತಾವರಣ ಸುಧಾರಿಸಿತು, ಖಿನ್ನತೆ ಮತ್ತು ಪೀಡನೆ ಕಡಿಮೆಯಾಯಿತು. ಶಿಕ್ಷಕರು ನಡೆಸಿದ ಕಡೆ ಪರಿಣಾಮ ಕಾಣಲಿಲ್ಲ. ಪಾಠ, ಬಿಸಿಯೂಟ, ಗಣತಿ, ಚುನಾವಣೆ ಎಂದು ಹೊರೆ ಹೊತ್ತ ನಮ್ಮ ಶಿಕ್ಷಕರ ಹೆಗಲಿಗೇ ಇದನ್ನೂ ಹೊರಿಸುವವರು ಈ ಫಲಿತಾಂಶವನ್ನು ಓದಬೇಕು.

ಪ್ರಶ್ನೆ: 13 ವರ್ಷದ ಮಗಳನ್ನು ವಾರ್ಷಿಕ ತಪಾಸಣೆಗೆ ಕರೆದೊಯ್ದಾಗ ನನ್ನನ್ನು ಹೊರಗೆ ಕೂರಿಸಿ ಇಂಥ ಫಾರ್ಮ್ ತುಂಬಿಸಿದರು. ಅವಳಲ್ಲಿ ಏನೋ ಕಂಡಿತೇ?
ನ್ಯೂಜೆರ್ಸಿ

ಉತ್ತರ: ಹಾಗೇನಿಲ್ಲ. ಅಮೆರಿಕದಲ್ಲಿ 12ರಿಂದ 18 ವಯಸ್ಸಿನ ಎಲ್ಲರಿಗೂ ಖಿನ್ನತೆ ತಪಾಸಣೆ ಮಾಡಬೇಕೆಂಬ ಶಿಫಾರಸು ಇದೆ, 2022ರಲ್ಲಿ ಅದನ್ನು ಮತ್ತೆ ಎತ್ತಿಹಿಡಿದರು. ಹೊರಗೆ ಕೂರಿಸುವುದು ಮಗು ಸಂಕೋಚವಿಲ್ಲದೆ ಉತ್ತರಿಸಲೆಂದು. ಮನೆಗೆ ಬಂದು ‘ಏನು ಬರೆದೆ?’ ಎಂದು ಪಟ್ಟು ಹಿಡಿಯಬೇಡಿ, ಮುಂದಿನ ವರ್ಷ ಎಲ್ಲದಕ್ಕೂ 0 ಹಾಕುತ್ತಾಳೆ.

ಪ್ರಶ್ನೆ: ಹುಡುಗರು ಈ ಪ್ರಶ್ನಾವಳಿಯಲ್ಲಿ ಸಿಗುವುದೇ ಇಲ್ಲ ಅನ್ನಿಸುತ್ತದೆ. ಯಾಕೆ? ಮತ್ತೆ ಎಷ್ಟು ದಿನಕ್ಕೊಮ್ಮೆ ಮಾಡಬೇಕು?
ದೈಹಿಕ ಶಿಕ್ಷಣ ಶಿಕ್ಷಕ, ಚಾಮರಾಜನಗರ

ಉತ್ತರ: ‘ಗಂಡುಮಗ ಅಳಬಾರದು’ ಎಂದು ಕೇಳಿಕೊಂಡೇ ಬೆಳೆದವನು ‘ಮನಸ್ಸು ಕುಗ್ಗಿದೆ’ ಎಂಬ ಸಾಲಿಗೆ ಗುರುತು ಹಾಕುವುದು ಕಡಿಮೆ. ಅವನಲ್ಲಿ ಅದು ಸಿಟ್ಟಾಗಿ, ಜಗಳವಾಗಿ, ಗುಟ್ಕಾ, ಸಿಗರೇಟಾಗಿ, ಬೈಕಿನ ವೇಗವಾಗಿ ಹೊರಬರುತ್ತದೆ. ಅದಕ್ಕೇ ಸಿಡಿಮಿಡಿಯ ಪ್ರಶ್ನೆ ಇರುವ ರೂಪ ಬಳಸಿ ಎಂದದ್ದು. ಆಟದ ಮೈದಾನ ನಿಮ್ಮ ಕೈಯಲ್ಲಿದೆ: ತಂಡದಿಂದ ತಾನಾಗಿ ಹೊರಗುಳಿದವನ ಹೆಸರನ್ನು ಸಮಾಲೋಚಕರಿಗೆ ಕೊಡಿ, ಅವನ ಅಂಕ ಎಷ್ಟೇ ಇರಲಿ.

ವರ್ಷಕ್ಕೊಮ್ಮೆ ಸಾಕು, ಶಾಲೆ ಶುರುವಾಗಿ ಮಕ್ಕಳು ಹೊಂದಿಕೊಂಡ ಮೇಲೆ, ಜುಲೈ ಅಥವಾ ಆಗಸ್ಟ್‌ನಲ್ಲಿ. ಗೆರೆ ದಾಟಿದ ಮಕ್ಕಳಿಗೆ ಮಾತ್ರ ಎರಡು ವಾರ, ಆರು ವಾರ, ಮೂರು ತಿಂಗಳಿಗೆ ಮತ್ತೆ ಕೇಳಿ. ಆಸ್ಪತ್ರೆಗೆ ಹೋಗಿ ಎಂದು ಚೀಟಿ ಕೊಟ್ಟವರಲ್ಲಿ ಎಷ್ಟು ಮಂದಿ ನಿಜವಾಗಿ ಹೋದರು ಎಂಬುದನ್ನು ಎರಡನೇ ವಾರದಲ್ಲಿ ಫೋನ್ ಮಾಡಿ ಕೇಳಿ ಬರೆದಿಡಿ. ಹೋಗದವರಿಗೆ ಬಸ್ಸಿನ ದುಡ್ಡು, ಕೂಲಿ ತಪ್ಪುವ ಚಿಂತೆ, ಜೊತೆಗೆ ಬರುವವರಿಲ್ಲ ಎಂಬಂಥ ಕಾರಣಗಳೇ ಹೆಚ್ಚು. ಅಂಥವರ ಜೊತೆ ಶಾಲೆಯಿಂದ ಒಬ್ಬರು ಮೊದಲ ಭೇಟಿಗೆ ಹೋಗಿಬಂದರೆ ಎರಡನೇ ಭೇಟಿಗೆ ಅವರೇ ಹೋಗುತ್ತಾರೆ.